ಯಾರೂ ಕರೆಯುವುದಿಲ್ಲ

ಜನವರಿ ೧೨

ತಂಗೀ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು: ನನ್ನ ಪುಟ ಎಲ್ಲಿ?

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಆಫೀಸಿನ ಮೇಲ್‌ನಲ್ಲಿ ಬರೆದರೆ ಅಲ್ಲಿ ಕೂತಿರುವ ಯಂತ್ರದ ಗುಮಾಸ್ತ ಅದನ್ನೂ ಓದಿ, ಸಾರಾಂಶ ಮಾಡಿ, ನಮ್ಮ ಮ್ಯಾನೇಜರ್ ನಗುಮುಖನ ಮೇಜಿಗೆ ಒಪ್ಪಿಸುತ್ತದೆ. ನಮ್ಮಿಬ್ಬರ ಜಗಳ ಅವನಿಗೆ ಮೂರು ಸಾಲಿನಲ್ಲಿ ಸಿಗುವುದು ನನಗೆ ಬೇಕಿಲ್ಲ. ಅದಕ್ಕೇ ಕಾಗದ, ಪೆನ್ನು, ಅಂಚೆ.

ನಿನ್ನ ‘ಜಾಡು’ ಏನು ಮಾಡುತ್ತದೆ ಎಂದು ಕೈಪಿಡಿಯ ಮೊದಲ ಪುಟದಲ್ಲಿ ನಾನು ಬರೆದದ್ದು ನೆನಪಿದೆಯೇ? “ದೊಡ್ಡ ಪ್ರೋಗ್ರಾಂ ಎಂದರೆ ಸಾವಿರಾರು ಚಿಕ್ಕ ಫಂಕ್ಷನ್‌ಗಳು. ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಯಾವುದು ಯಾವುದನ್ನು ಕರೆಯುತ್ತದೆ ಎಂಬ ನಕ್ಷೆಯನ್ನು ಜಾಡು ಕಟ್ಟಿಕೊಡುತ್ತದೆ. ಪ್ರೋಗ್ರಾಂ ತಿದ್ದುವ ಎಐ ಏಜೆಂಟು ಆ ನಕ್ಷೆ ಹಿಡಿದು ನಡೆದರೆ, ಒಂದು ಕಡೆ ಕೈ ಹಾಕಿದಾಗ ಎಲ್ಲೆಲ್ಲಿ ಪೆಟ್ಟಾಗುತ್ತದೆ ಎಂದು ಮೊದಲೇ ತಿಳಿಯುತ್ತದೆ.” ಇದನ್ನು ಓದಿ ನೀನು, “ಅಕ್ಕಾ, ನಾನು ಏನು ಮಾಡಿದ್ದೀನಿ ಅಂತ ನಂಗೇ ಈಗ ಅರ್ಥ ಆಯ್ತು ಕಣೇ” ಎಂದು ನಕ್ಕಿದ್ದೆ.

ಹಾಗಾದರೆ ಐದನೇ ಪುಟವೂ ನೆನಪಿರಬೇಕು. ‘ಜಾಡಿಗೆ ಕಾಣದ್ದು.’ ಅದನ್ನು ನಾನು ಊಹೆ ಮಾಡಿ ಬರೆದದ್ದಲ್ಲ. ಅಭ್ಯಾಸಕ್ಕೆಂದು ನೀನು ಕೊಟ್ಟ ಪ್ರೋಗ್ರಾಂ ಮೇಲೆ ಜಾಡನ್ನು ಓಡಿಸಿ ನೋಡುತ್ತಿದ್ದಾಗ, ಒಂದು ಫಂಕ್ಷನ್ ಬಗ್ಗೆ ಅದು “ಯಾರೂ ಕರೆಯುವುದಿಲ್ಲ” ಎಂದಿತು. ಅದೇ ಫಂಕ್ಷನ್ ನನ್ನ ಕಣ್ಣೆದುರಿಗೇ ಕೆಲಸ ಮಾಡುತ್ತಿತ್ತು! ಹುಡುಕಿದರೆ, ಅದರ ಹೆಸರು ಒಂದು ಸೆಟ್ಟಿಂಗ್ ಕಡತದಲ್ಲಿ ಸುಮ್ಮನೆ ಒಂದು ಪದವಾಗಿ ಕೂತಿದೆ. ಪ್ರೋಗ್ರಾಂ ಓಡುವ ಹೊತ್ತಿಗೆ ಆ ಪದವನ್ನು ಓದಿ ಫಂಕ್ಷನ್ನನ್ನು ಕರೆಯುತ್ತದೆ. ಜಾಡಿನ ಕಣ್ಣಿಗೆ ಅದು ದಾರಿಯಲ್ಲ, ಬರೀ ಅಕ್ಷರ. ನಿನಗೆ ತೋರಿಸಿದೆ. ಪೆನ್ನಿನ ಮುಚ್ಚಳ ಕಚ್ಚುತ್ತಾ “ಹೌದಲ್ವಾ” ಅಂದೆ. “ಯಾರೂ ಕರೆಯುವುದಿಲ್ಲ” ಎಂಬ ಉತ್ತರವನ್ನೇ ಬದಲಿಸಿ, “ನನಗೆ ಕಂಡ ಮಟ್ಟಿಗೆ ಯಾರೂ ಕರೆಯುವುದಿಲ್ಲ, ಸೆಟ್ಟಿಂಗ್ ಕಡತಗಳನ್ನು ನಾನು ನೋಡಿಲ್ಲ” ಎಂದು ಮಾಡಿದವರು ಯಾರು? ನಾವಿಬ್ಬರೇ, ಒಂದೇ ಬೆಂಚಿನ ಮೇಲೆ ಕೂತು.

ನಿನ್ನೆ ಕೈಪಿಡಿಯ ಹೊಸ ಆವೃತ್ತಿ ಬಂತು. ಐದನೇ ಪುಟ ಮಾಯ. ಜಾಡಿನ ಉತ್ತರವೂ ಮತ್ತೆ ಮೊದಲಿನಂತೆ ಮೊಂಡು: “ಯಾರೂ ಕರೆಯುವುದಿಲ್ಲ.” ಆದರೆ ಕೆಳಗೆ ‘ಬರವಣಿಗೆ’ ಎಂದು ನನ್ನ ಹೆಸರು ಮಾತ್ರ ಹಾಗೇ ಇದೆ. ಎಷ್ಟು ಮರ್ಯಾದೆ!

ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ ಅಷ್ಟು ವರ್ಷ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಲೇಖಕರನ್ನು ಕೇಳದೆ ಒಂದು ಅಲ್ಪವಿರಾಮವನ್ನೂ ಮುಟ್ಟಿದವಳಲ್ಲ. ನೀನು ಒಂದು ಪುಟವನ್ನೇ ನುಂಗಿ ನೀರು ಕುಡಿದೆ.

ವಾಪಸ್ ಹಾಕು. ಹಾಕಿ ಆಮೇಲೆ ಪತ್ರ ಬರೆ.

ಸಿಟ್ಟಿನಲ್ಲಿರುವ,
ಅಕ್ಕ

*

ಜನವರಿ ೨೫

ಅಕ್ಕನಿಗೆ,

ನಿನ್ನ ಪತ್ರ ಬಂತು. ಕೆಳಗಿನ ಮನೆಯವರು ತಂದುಕೊಟ್ಟು, “ಕೈಬರಹದ ಪತ್ರ! ಯಾರಾದ್ರೂ ತೀರಿಕೊಂಡ್ರಾ?” ಅಂತ ಕೇಳಿದರು. ಓದಿದ ಮೇಲೆ, ತೀರಿಕೊಂಡದ್ದು ನಾನೇ ಅನ್ನಿಸಿತು.

ನೀನು ನೋಡಿರದ ಒಂದು ಸಂಗತಿ ಹೇಳುತ್ತೇನೆ. ನಿನ್ನ ಐದನೇ ಪುಟ ಇಟ್ಟುಕೊಂಡೇ ಗಿರಾಕಿಗಳ ಎದುರು ಜಾಡನ್ನು ತೋರಿಸಿದೆವು. ದೊಡ್ಡ ಕೋಣೆ, ಗೋಡೆಯುದ್ದ ಪರದೆ, ಕೋಟು ಹಾಕಿದ ಜನ. ಏಜೆಂಟು ಕೆಲಸ ಶುರು ಮಾಡುವ ಮೊದಲು ಕೈಪಿಡಿ ಓದಿತು. ಆಮೇಲೆ ಹೆಜ್ಜೆ ಹೆಜ್ಜೆಗೂ ನಿಂತಿತು. “ಇದು ನನಗೆ ಕಾಣದೇ ಇರಬಹುದು, ದಯವಿಟ್ಟು ಖಚಿತಪಡಿಸಿ.” ಮುಂದೆ ಇನ್ನೊಂದು: “ದಯವಿಟ್ಟು ಖಚಿತಪಡಿಸಿ.” ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಾರಲ್ಲ, ಹಾಗೆ. ಕೋಟಿನವರಲ್ಲಿ ಒಬ್ಬರು, “ಇದನ್ನೆಲ್ಲ ನಾವೇ ನೋಡೋದಾದ್ರೆ ಇದು ಯಾಕೆ?” ಅಂದರು. ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತಿದ್ದೆ ಅಕ್ಕ, ರಿಮೋಟ್ ಹಿಡಿದುಕೊಂಡು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಬಂದ ಮೇಲೆ ನಗುಮುಖ ನಗುತ್ತಲೇ ಹೇಳಿದ: “ಆ ಪುಟ ಇರಬೇಕೋ, ನಿಮ್ಮ ತಂಡ ಇರಬೇಕೋ, ನೀವೇ ತೀರ್ಮಾನ ಮಾಡಿ.” ನನ್ನ ಕೈಕೆಳಗೆ ಇರುವವರ ಮುಖ ನೀನು ನೋಡಿಲ್ಲ, ನಾನು ದಿನಾ ನೋಡುತ್ತೇನೆ. ಪುಟ ತೆಗೆದೆ. ಮರುದಿನ ಏಜೆಂಟು ಸರಸರ ಓಡಿತು. ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು.

ನೀನು ಮನುಷ್ಯರಿಗೆ ಬರೆದು ಅಭ್ಯಾಸವಾದವಳು. ಈ ಕೈಪಿಡಿ ಓದುವವರು ಮನುಷ್ಯರಲ್ಲ. ಅವಕ್ಕೆ ‘ಕಂಡ ಮಟ್ಟಿಗೆ’, ‘ಬಹುಶಃ’ ಎಲ್ಲ ಹೇಳಿದರೆ ಹೆದರಿ ಕೂತುಬಿಡುತ್ತವೆ. ಸೆಟ್ಟಿಂಗ್ ಕಡತಗಳನ್ನೂ ಓದುವ ಹಾಗೆ ಜಾಡನ್ನೇ ತಿದ್ದುತ್ತಿದ್ದೇನೆ. ಅದು ಮುಗಿದ ಮೇಲೆ ನಿನ್ನ ಪುಟವೇ ಬೇಕಾಗುವುದಿಲ್ಲ. ಸ್ವಲ್ಪ ತಾಳು.

ಇನ್ನೊಂದು ಮಾತು. ಪ್ರೆಸ್ಸು ಮುಚ್ಚಿ ನೀನು ಮನೆಯಲ್ಲಿ ಕೂತಿದ್ದಾಗ, ನಗುಮುಖನ ಕೈಕಾಲು ಹಿಡಿದು ನಿನ್ನನ್ನು ಈ ಕಂಪನಿಗೆ ತಂದವಳು ನಾನು. ನೆನಪಿರಲಿ.

ಭಾವನಿಗೆ ಕೇಳಿದೆನೆಂದು ಹೇಳು.

ತಂಗಿ

*

ಫೆಬ್ರವರಿ ೯

ತಂಗೀ,

ನೆನಪಿದೆ. ನೀನು ಮರೆಯಲು ಬಿಟ್ಟರಲ್ಲವೇ ಮರೆಯುವುದು. ನಿನ್ನ ಪತ್ರದ ಆ ಸಾಲನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದವರು ತಲೆ ಎತ್ತದೆ, “ಅವಳು ಹೆದರಿದಾಗ ಹಾಗೇ ಮಾತಾಡ್ತಾಳೆ” ಅಂದರು. ನಾನು ಅಷ್ಟು ಒಳ್ಳೆಯವಳಲ್ಲ. ನನಗೆ ಅದು ನಾಟಿತು, ನಾಟಿಯೇ ಇದೆ.

ಓದುವವರು ಮನುಷ್ಯರಲ್ಲ ಎನ್ನುತ್ತೀಯ. ಅದಕ್ಕೇ ಕಣೇ ಆ ಪುಟ ಬೇಕಾದದ್ದು! ಮನುಷ್ಯರು ಕೈಪಿಡಿಯನ್ನು ಅರ್ಧ ಓದುತ್ತಾರೆ, ಓದಿದ್ದರಲ್ಲಿ ಅರ್ಧ ನಂಬುತ್ತಾರೆ, ಕೊನೆಗೆ ಪಕ್ಕದ ಮೇಜಿನವರನ್ನು ಕೇಳುತ್ತಾರೆ. “ಇದನ್ನ ಯಾರೂ ಕರೆಯಲ್ಲ ಅಂತಾ ಇದೆ, ನಿಜಾನಾ?” ಎಂದು. ನಿನ್ನ ಏಜೆಂಟಿಗೆ ಪಕ್ಕದ ಮೇಜು ಇಲ್ಲ. ನಾವು ಬರೆದದ್ದೇ ಅದಕ್ಕೆ ಲೋಕ. ಇಲ್ಲ ಎಂದರೆ ಇಲ್ಲ. ಅಂಥ ಓದುಗರಿಗೆ ಸುಳ್ಳು ಬರೆಯುವುದಕ್ಕಿಂತ ಕೀಳು ಕೆಲಸ ಇನ್ನೊಂದಿಲ್ಲ.

ಅದು ನಿಂತು ಕೇಳಿತು ಎಂದು ನಿನಗೆ ಅವಮಾನವಾಯಿತು. ಅದು ಸರಿಯಾಗಿಯೇ ಕೇಳಿತ್ತು. ಉತ್ತರ ಹೇಳಲು ನಿಮಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ಮುಂದಿನ ಗಿರಾಕಿ ಆಂಬುಲೆನ್ಸ್ ಕಂಟ್ರೋಲ್ ರೂಮು ಎಂದು ಕೇಳಿದೆ. ಅಲ್ಲಿನ ಪ್ರೋಗ್ರಾಂ ಹಳೆಯದು, ತೇಪೆ ಮೇಲೆ ತೇಪೆ. ಅಂಥ ಕಡೆಯಲ್ಲೇ ಹೆಸರುಗಳು ಸೆಟ್ಟಿಂಗ್ ಕಡತದಲ್ಲಿ ಅಡಗಿ ಕೂತಿರುತ್ತವೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೇ?

ಪುಟ ವಾಪಸ್ ಹಾಕು. ‘ತಾಳು’ ಎನ್ನಬೇಡ.

ಅಕ್ಕ

*

ಏಪ್ರಿಲ್ ೩

ತಂಗೀ,

ನನ್ನ ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಈಗ ಉತ್ತರ ಪೇಪರಿನಲ್ಲಿ ಬಂದಿದೆ.

ನಿನಗೆ ಎಲ್ಲ ಗೊತ್ತಿರುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಕಂಪನಿಯವರು ಇದನ್ನು ‘ತಾಂತ್ರಿಕ ಅಡಚಣೆ’ ಎನ್ನುತ್ತಿದ್ದಾರೆ. ಒಬ್ಬರಾದರೂ ಇದನ್ನು ನೆಟ್ಟಗೆ ಹೇಳಬೇಕು.

ಮೊಬೈಲಿನಿಂದ ಬಂದ ಕರೆಗೆ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಪರದೆಯಲ್ಲಿ ಜಾಗ ತಾನೇ ತೋರುತ್ತದೆ. ಗೋಡೆಗೆ ಮೊಳೆ ಹೊಡೆದ ಹಳೆಯ ಫೋನಿನಿಂದ ಬಂದರೆ ತೋರುವುದಿಲ್ಲ. ಆಗ ‘ವಿಳಾಸ ಕೇಳಿ’ ಎಂಬ ಖಾಲಿ ಚೌಕ ತೆರೆದು, ಆ ಕರೆಯನ್ನು ಯಾರಾದರೊಬ್ಬರ ಕಿವಿಗೆ ಸೇರಿಸುವ ಒಂದು ಸಣ್ಣ ಫಂಕ್ಷನ್ ಇತ್ತು. ಅದನ್ನು ಕರೆಯುತ್ತಿದ್ದದ್ದು ಸೆಟ್ಟಿಂಗ್ ಕಡತದ ಒಂದು ಪದ. ಬಳಕೆಯಲ್ಲಿಲ್ಲದ್ದನ್ನೆಲ್ಲ ಗುಡಿಸಿ ಹಾಕು ಎಂದು ಏಜೆಂಟಿಗೆ ಹೇಳಿದರು. ಅದು ಜಾಡನ್ನು ಕೇಳಿತು. ಜಾಡು ಹೇಳಿತು, ಯಾರೂ ಕರೆಯುವುದಿಲ್ಲ. ಅದು ಅಳಿಸಿತು. ಪರೀಕ್ಷೆಗೆ ಇಟ್ಟಿದ್ದ ಕರೆಗಳೆಲ್ಲ ಮೊಬೈಲಿನವು. ಪಾಸು.

ಆಮೇಲೆ ಒಂದು ಇಡೀ ಬೆಳಿಗ್ಗೆ, ಹಳೆಯ ಫೋನಿನಿಂದ ಕರೆದವರಿಗೆಲ್ಲ ರಿಂಗು ಕೇಳಿಸುತ್ತಲೇ ಇತ್ತು. ಆ ಕಡೆ ಯಾರ ಪರದೆಯಲ್ಲೂ ಏನೂ ಕಾಣಲಿಲ್ಲ. ಹೆಚ್ಚಿನವರು ಮೊಬೈಲು ಹುಡುಕಿ ಮತ್ತೆ ಕರೆದು ಬಚಾವಾದರು. ಒಬ್ಬ ದರ್ಜಿ ಮಾತ್ರ ಅಂಗಡಿಯಲ್ಲೇ ಕುಸಿದವರು, ಮಿದುಳಿಗೆ ರಕ್ತ ಸಾಗದೆ ಬಿದ್ದಿದ್ದರು. ಆಸ್ಪತ್ರೆ ಸೇರುವಾಗ ಹೊತ್ತು ಮೀರಿತ್ತು. ಜೀವ ಉಳಿದಿದೆ. ಬಲಗೈ ಹೋಗಿದೆ. ಮಾತು ಹೋಗಿದೆ. ದರ್ಜಿಗೆ ಬಲಗೈ ಎಂದರೆ ಏನು, ಬಿಡಿಸಿ ಹೇಳಬೇಕೇ?

ಮೊನ್ನೆ ನಗುಮುಖ ನಮ್ಮ ಊರಿನ ಆಫೀಸಿಗೆ ಬಂದಿದ್ದ. ಗಾಜಿನ ಕೋಣೆಗೆ ಕರೆದು ಕುರ್ಚಿ ಎಳೆದುಕೊಟ್ಟ. “ಮೇಡಂ, ಬೇಜಾರು ಮಾಡ್ಕೋಬೇಡಿ. ಕೈಪಿಡಿಯಲ್ಲಿ ಎಚ್ಚರಿಕೆ ಇರಲಿಲ್ಲ ಅನ್ನೋದು ಎದ್ದು ಕಾಣ್ತಿದೆ. ಬರವಣಿಗೆ ನಿಮ್ಮದು.”

“ಎಚ್ಚರಿಕೆ ಬರೆದಿದ್ದೆ. ತೆಗೆದುಹಾಕಿದ್ರಿ” ಎಂದೆ.

“ಹೌದು, ಬರೆದಿದ್ರಿ. ಆಮೇಲೆ ನೀವೂ ನಿಮ್ಮ ತಂಗಿಯೂ ಮಾತಾಡಿಕೊಂಡು ತೆಗೆದ್ರಿ. ಹಾಗಂತ ಅವರ ತಂಡದವರು ಹೇಳಿದ್ದಾರೆ. ಇಲ್ಲಿ ಒಂದು ಸಹಿ ಹಾಕಿದ್ರೆ ವಿಚಾರಣೆ ಬೇಗ ಮುಗಿಯುತ್ತೆ.”

ನಾನು ಒಪ್ಪಿದೆನಂತೆ! ನಾನು!

ಸಹಿ ಹಾಕಲಿಲ್ಲ. ಆದರೆ ನಾನು ಒಪ್ಪಲಿಲ್ಲ ಎಂದು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದಾರೆ. ಆ ಒಬ್ಬರು ಬಾಯಿ ಬಿಡುತ್ತಾರೋ ಇಲ್ಲವೋ, ತಿಳಿಸು.

ಅಕ್ಕ

*

ಏಪ್ರಿಲ್ ೨೦

ಅಕ್ಕನಿಗೆ,

ಏನನ್ನೂ ಬರೆಯಬಾರದು ಎಂದು ಕಂಪನಿಯ ಲಾಯರು ಹೇಳಿದ್ದಾರೆ. ಅದಕ್ಕೇ ತಡ, ಅದಕ್ಕೇ ಚಿಕ್ಕದು.

ಅಳಿಸಿದ್ದು ಏಜೆಂಟು. ಅದು ಅಳಿಸಿದ್ದನ್ನು ಕಂಟ್ರೋಲ್ ರೂಮಿನವರು ನೋಡಿ, ಸರಿ ಎಂದು ಒಪ್ಪಿಗೆ ಒತ್ತಿದರು. ಪರೀಕ್ಷೆಗಳನ್ನು ಸಿದ್ಧಪಡಿಸಿದವರು ಹಳೆಯ ಫೋನನ್ನು ಮರೆತರು. ಸೆಟ್ಟಿಂಗ್ ಕಡತದಲ್ಲಿ ಹೆಸರು ಅಡಗಿಸಿದವರು ಯಾರೋ, ಎಂದೋ ನಿವೃತ್ತರಾಗಿದ್ದಾರೆ. ಇಷ್ಟು ಜನರ ನಡುವೆ ನನ್ನೊಬ್ಬಳ ಮೇಲೆ ಯಾಕೆ ಎಗರುತ್ತೀಯ?

ಸಹಿ ಹಾಕಿಬಿಡು ಅಕ್ಕ. ನಿನಗೆ ಏನೂ ಆಗುವುದಿಲ್ಲ, ಬೇರೆ ವಿಭಾಗಕ್ಕೆ ಹಾಕುತ್ತಾರೆ. ನಾನು ಬಾಯಿ ಬಿಟ್ಟರೆ ನನ್ನ ತಂಡ ಪೂರ್ತಿ ಬೀದಿಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡು.

ಊಟ ಸೇರುತ್ತಿಲ್ಲ. ಇದನ್ನು ಕರುಣೆಗೆ ಬರೆದದ್ದಲ್ಲ.

ತಂಗಿ

*

ಮೇ ೮

ತಂಗೀ,

ನಿನ್ನ ಪತ್ರ ಓದಿ, ಮಡಿಸಿ, ಅಕ್ಕಿ ಡಬ್ಬದ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎಲ್ಲಿಗೆ ಎಂದು ನಿನ್ನ ಭಾವ ಕೇಳಿದರು. ದರ್ಜಿ ಅಂಗಡಿಗೆ ಎಂದೆ. ಅವರು ಬಸ್ಸಿನವರೆಗೆ ಬಂದರು.

ಅಂಗಡಿ ಚಿಕ್ಕದು. ಒಂದು ಕಡೆ ಬಣ್ಣದ ಅಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವರು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದ್ದರು. ಗೋಡೆಯಲ್ಲಿ ಅರ್ಧ ಹೊಲಿದ ಕೋಟು ನೇತಾಡುತ್ತಿತ್ತು, ಸೀಮೆಸುಣ್ಣದ ಗೆರೆಗಳು ಇನ್ನೂ ಹಾಗೇ. ದರ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಡಗೈಯಿಂದ ಅಳತೆ ಟೇಪು ಸುತ್ತಲು ನೋಡುತ್ತಿದ್ದರು. ಅದು ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಸುತ್ತುತ್ತಿದ್ದರು.

ಅವರ ಹೆಂಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಕಂಪನಿಯೋರಾ? ಹೂವು ತಂದಿಲ್ಲ ತಾನೆ? ಹೋದ ಸಲ ಬಂದೋರು ಇಷ್ಟು ದೊಡ್ಡ ಹೂವಿನ ಕಟ್ಟು ತಂದಿದ್ರು. ಎಲ್ಲಿ ಇಡೋದು ಅದನ್ನ, ಇವರ ಕೈಯಲ್ಲಾ?” ಅಂದರು.

ಇಲ್ಲ ಎಂದೆ. ನಿಂತೇ ಇದ್ದೆ. ಕೂರಿ ಎನ್ನಲಿಲ್ಲ.

“ರಿಂಗ್ ಆಗ್ತಾನೇ ಇತ್ತು” ಎಂದು ಅವರೇ ಶುರು ಮಾಡಿದರು, ಗೋಡೆಯ ಫೋನನ್ನು ತೋರಿಸುತ್ತಾ. “ನನ್ನ ಮೊಬೈಲು ಮನೇಲಿತ್ತು. ಇವರದರ ಲಾಕ್ ತೆಗೆಯೋಕೆ ಬರ್ಲಿಲ್ಲ. ಇಟ್ಟರೆ ಸರದಿ ತಪ್ಪುತ್ತೆ ಅಂತ ಹಿಡ್ಕೊಂಡೇ ಇದ್ದೆ. ಆ ಕಡೆ ಯಾರೋ ಇದ್ದಾರೆ, ನಮಗಿಂತ ಕಷ್ಟದಲ್ಲಿರೋರ ಹತ್ರ ಮಾತಾಡ್ತಿದ್ದಾರೆ, ನಮ್ಮ ಪಾಳಿ ಬರುತ್ತೆ ಅಂತ. ಇವರು ನೆಲದ ಮೇಲೆ ನನ್ನೇ ನೋಡ್ತಾ ಇದ್ರು. ನಾನು ಕೈ ಸನ್ನೆ ಮಾಡ್ದೆ, ಬರ್ತಾರೆ ಬರ್ತಾರೆ ಅಂತ.”

ಕೊನೆಗೆ ಬಣ್ಣದ ಅಂಗಡಿಯವರು ನೋಡಿ, ಡಬ್ಬಗಳನ್ನು ಕೆಳಗಿಳಿಸಿ, ತಮ್ಮ ವ್ಯಾನಿನಲ್ಲಿ ಹಾಕಿಕೊಂಡು ಹೋದರಂತೆ.

“ಯಾರು ಮಾಡಿದ್ದು? ಹೆಸರು ಹೇಳಿ. ಮೆಶೀನು ಅನ್ಬೇಡಿ. ಮೆಶೀನು ನಮ್ಮಲ್ಲೂ ಇದೆ. ಯಾರೂ ತುಳೀದೆ ಅದು ಓಡಲ್ಲ.”

ಕಂಟ್ರೋಲ್ ರೂಮು, ಪರೀಕ್ಷೆ, ಯಾರೋ ನಿವೃತ್ತರು, ನಿನ್ನ ಪಟ್ಟಿ ಪೂರ್ತಿ ನನ್ನ ಬಾಯಲ್ಲಿತ್ತು. ಹೇಳಲು ಆಗಲಿಲ್ಲ.

“ನನ್ನ ತಂಗಿ” ಎಂದೆ. “ಹೀಗಾಗಬಹುದು ಅಂತ ಎಚ್ಚರಿಕೆ ಬರೆದಿದ್ದೆ. ಅವಳು ಅದನ್ನ ತೆಗೆದುಹಾಕಿದಳು.”

“ನಿಮಗೆ ಅದು ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಾದ ಮೇಲೆ ಏನು ಮಾಡಿದ್ರಿ?”

“ಅವಳಿಗೆ ಪತ್ರ ಬರೆದೆ.”

“ಪತ್ರ!” ಎಂದರು ಅವರು. ಅಷ್ಟೇ. ಟೇಪು ಬಿದ್ದಿತ್ತು, ಎತ್ತಿ ಗಂಡನ ಕೈಗೆ ಕೊಟ್ಟರು. ನಾನು ಬಸ್ಸು ಹತ್ತಿ ಬಂದೆ.

ಲೆಕ್ಕ ಹಾಕು ಎಂದಿದ್ದೆಯಲ್ಲ, ಹಾಕಿದೆ. ಸಹಿ ಹಾಕುವುದಿಲ್ಲ. ವಿಚಾರಣೆಯಲ್ಲಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನನ್ನ ಪಾಲನ್ನೂ ಸೇರಿಸಿ.

ಅಕ್ಕ

*

ಮೇ ೧೬

ಅಕ್ಕಾ,

ಯಾರು ಕೊಟ್ಟರು ನಿನಗೆ ಆ ಅಧಿಕಾರ? ಗುರುತು ಪರಿಚಯ ಇಲ್ಲದವರ ಅಂಗಡಿಗೆ ನುಗ್ಗಿ, ಒಡಹುಟ್ಟಿದವಳನ್ನು ಹರಾಜಿಗೆ ಇಟ್ಟು ಬಂದೆಯಲ್ಲ, ನೀನು ಅಕ್ಕನೇ?

ನಿನ್ನೆ ಆಕೆ ನಮ್ಮ ಆಫೀಸಿಗೆ ಫೋನ್ ಮಾಡಿ ನನ್ನನ್ನು ಕೇಳಿದರಂತೆ. ಸ್ವಾಗತದಲ್ಲಿ ಕೂತಿರುವವರು ಎಲ್ಲರಿಗೂ ಕೇಳುವ ಹಾಗೆ, “ನಿಮಗೆ ದರ್ಜಿ ಅಂಗಡಿಯಿಂದ ಕಾಲ್ ಬಂದಿತ್ತು” ಅಂದರು. ಇಡೀ ಸಾಲು ತಿರುಗಿ ನೋಡಿತು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಚಿಕ್ಕಂದಿನಿಂದ ಇದೇ. ನೀನು ಯಾವಾಗಲೂ ಸರಿ, ಗುಂಡಗೆ ಅಕ್ಷರ, ಎಣ್ಣೆ ಹಚ್ಚಿ ಬಾಚಿದ ತಲೆ. ನಾನು ಗಡಿಬಿಡಿ, ನಾನು ಚಿನಕುರಳಿ, ನಾನು ಒಡೆದು ಹಾಕುವವಳು. ನೀನು ತಪ್ಪು ತೋರಿಸುವವಳು. ತೋರಿಸಿ ಏನು ಮಾಡಿದೆ? ಆಂಬುಲೆನ್ಸಿನವರಿಗೆ ಜಾಡು ಹೋಗುತ್ತದೆ ಎಂದು ನಿನಗೆ ಮೊದಲೇ ಗೊತ್ತಿತ್ತು. ನಿನ್ನ ಪತ್ರದಲ್ಲೇ ಬರೆದಿದ್ದೀಯ. ಅವರ ಬಾಗಿಲು ಬಡಿದೆಯಾ? ಇಲ್ಲ. ನನಗೆ ಬೈಗುಳ ಬರೆದು, ಅಂಚೆಗೆ ಹಾಕಿ, ಕೈ ತೊಳೆದುಕೊಂಡೆ. ಬೆಂಕಿ ಬಿದ್ದಿದೆ ಎಂದು ಗೊತ್ತಿದ್ದವಳು ನನ್ನ ವ್ಯಾಕರಣ ತಿದ್ದುತ್ತಾ ಕೂತೆ. ಆಕೆ ‘ಪತ್ರ!’ ಅಂದದ್ದು ಸರಿಯಾಗಿಯೇ ಇದೆ.

ಹೌದು. ನಾನೇ ತೆಗೆದೆ. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಸೆಟ್ಟಿಂಗ್ ಕಡತ ಓದುವ ಭಾಗವನ್ನು ನಿಜವಾಗಿಯೂ ಬರೆಯುತ್ತಿದ್ದೆ. ಮುಗಿಯಲಿಲ್ಲ. ನಗುಮುಖ ಬೇರೆ ಕೆಲಸ ಕೊಟ್ಟ, ನಾನು ಅದನ್ನು ಎತ್ತಿಟ್ಟೆ.

ಸಾಕಾ? ತೃಪ್ತಿಯಾಯಿತಾ? ಇದನ್ನು ತೆಗೆದುಕೊಂಡು ಹೋಗಿ ವಿಚಾರಣೆಯವರಿಗೆ ಕೊಡು. ಚೌಕಟ್ಟು ಹಾಕಿಸಿ ಕೊಡು. ನೀನು ಗೆದ್ದೆ.

ತಂಗಿ ಎಂದು ಸಹಿ ಹಾಕಲು ಮನಸ್ಸಿಲ್ಲ.

*

ಮೇ ೨೪

ಚಿನಕುರಳಿ,

ನಿನ್ನ ಪತ್ರವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ನಕಲು ಇಟ್ಟುಕೊಂಡಿಲ್ಲ.

ನಿನ್ನ ಭಾವ, “ಇಟ್ಕೊಳ್ಳೇ, ನಿನ್ನ ಕೆಲಸ ಉಳಿಯುತ್ತೆ” ಅಂದರು. ಅವರ ಮೇಲೂ ರೇಗಿದೆ. ಇದು ನೀನು ನನಗೆ ಬರೆದದ್ದು. ಅಲ್ಲಿ ಹೇಳಬೇಕಾದದ್ದನ್ನು ನೀನೇ ನಿಂತು ಹೇಳು. ನಿನ್ನ ಮಾತನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹಂಚಲು ನಾನು ಅಂಚೆಯವಳಲ್ಲ.

ಹೇಳದಿದ್ದರೆ ಬಿಡು. ನಾನು ಸುಳ್ಳುಗಾತಿ ಎನಿಸಿಕೊಂಡು ಮನೆಗೆ ಬರುತ್ತೇನೆ. ನನಗೆ ಮನೆಯಲ್ಲಿ ಕೂತು ಅಭ್ಯಾಸವಿದೆ.

ಬಾಗಿಲು ಬಡಿಯಲಿಲ್ಲ ಎಂದೆಯಲ್ಲ. ಅದು ನಿಜ. ಆದರೆ ಅದನ್ನು ಹೇಳಿದ್ದು ನೀನು ಎಂಬ ಸಿಟ್ಟು ಬೇರೆ ಇದೆ.

ಅಕ್ಕ

*

ಜೂನ್ ೧೯

ಅಕ್ಕಾ,

ನೀನು ಬೆಳಿಗ್ಗೆಯೇ ಹೇಳಿಕೆ ಕೊಟ್ಟು ಹೋದೆಯಂತೆ. ನನ್ನ ಸರದಿ ಮಧ್ಯಾಹ್ನ ಬಂತು. ಏನಾಯಿತು ಎಂದು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತೇನೆ.

ಉದ್ದನೆಯ ಮೇಜು. ನಡುವೆ ವಿಚಾರಣಾಧಿಕಾರಿ, ವಯಸ್ಸಾದವರು, ಕಿವಿ ಮಂದ. ಒಂದು ಕಡೆ ನಗುಮುಖ ಮತ್ತು ಲಾಯರು. ಹಿಂದೆ ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ದರ್ಜಿಯ ಹೆಂಡತಿ. ನಾನು ಯಾರೆಂದು ಅವರಿಗೆ ಯಾರೂ ತೋರಿಸಲಿಲ್ಲ, ಆದರೂ ನೋಡಿದ ಕೂಡಲೇ ಕಂಡುಹಿಡಿದರು. ನಮ್ಮಿಬ್ಬರ ಮೂಗು ಒಂದೇ ಥರ ಇದೆಯಲ್ಲ.

ಲಾಯರು ಹೇಳಿಕೊಟ್ಟದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಸುಳ್ಳು ಹೇಳುವುದಿಲ್ಲ, ಹೇಳಲೇಬೇಕಾದ ಮೇಲೆ ಮೆಲ್ಲಗೆ ಹೇಳಿ ಕೂತುಬಿಡೋಣ ಎಂದುಕೊಂಡಿದ್ದೆ. ಲಾಯರು ಕೇಳಿದರು, “ಆ ಪುಟವನ್ನು ತೆಗೆಯುವಾಗ ನಿಮ್ಮ ಅಕ್ಕನ ಒಪ್ಪಿಗೆ ಇತ್ತು, ಸರಿ ತಾನೆ?”

“ಇರಲಿಲ್ಲ” ಅಂದೆ.

ಅಧಿಕಾರಿ ಕಿವಿಗೆ ಕೈ ಹಿಡಿದು, “ಏನು? ಕೇಳಿಸಲಿಲ್ಲ, ಜೋರಾಗಿ ಹೇಳಿ” ಅಂದರು.

“ಇರಲಿಲ್ಲ.”

“ಏನಿರಲಿಲ್ಲ?”

ಆಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ. ಕುರ್ಚಿ ಹಿಂದೆ ತಳ್ಳಿ ಎದ್ದು ಕಿರುಚಿದೆ: “ಪುಟ ತೆಗೆದದ್ದು ನಾನು! ಅಕ್ಕನನ್ನು ಕೇಳಲಿಲ್ಲ! ಜಾಡಿಗೆ ಕಾಣದ್ದು ಇದೆ ಅಂತ ನನಗೆ ಗೊತ್ತಿತ್ತು! ಗೊತ್ತಿದ್ದೂ ಅದು ‘ಯಾರೂ ಕರೆಯುವುದಿಲ್ಲ’ ಅಂತ ಹೇಳೋ ಹಾಗೆ ಮಾಡಿದೆ! ತೆಗೀರಿ ಅಂದದ್ದು ಇವರು, ಅಲ್ಲಿ ನಗ್ತಾ ಕೂತಿದ್ದಾರಲ್ಲ, ಇವರು!”

ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವರು ಬಾಗಿಲಿನಿಂದ ಇಣುಕಿದರು. ಅಷ್ಟು ಜೋರು. ನಗುಮುಖ ಆಗಲೂ ನಗುತ್ತಲೇ ಇದ್ದ. ಅದು ನಗುವಲ್ಲ, ಅವನ ಮುಖ ಇರುವುದೇ ಹಾಗೆ ಎಂದು ಅವತ್ತು ಗೊತ್ತಾಯಿತು.

“ಏಜೆಂಟು ತಪ್ಪು ಮಾಡಲಿಲ್ಲವೇ?” ಎಂದು ಅಧಿಕಾರಿ ಕೇಳಿದರು. ಅದು ನಾವು ಹೇಳಿದ್ದನ್ನು ನಂಬಿತು ಅಂದೆ. ಅದನ್ನೂ ಜೋರಾಗಿ.

ಹೊರಗೆ ಮೆಟ್ಟಿಲ ಮೇಲೆ ದರ್ಜಿಯ ಹೆಂಡತಿ ನಿಂತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. “ಬೇಡ” ಅಂದರು. “ನೀವು ಕಿರುಚಿದ್ದು ಕೇಳಿಸ್ಕೊಂಡೆ. ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ. ನಾನು ಇನ್ನೂ ಅಲ್ಲೇ ಫೋನ್ ಹಿಡ್ಕೊಂಡು ನಿಂತಿದೀನಿ.” ಕೊಡೆ ಬಿಚ್ಚಿ ಬಿಸಿಲಿಗಿಳಿದು ಹೋದರು.

ಆಫೀಸಿನವರು ಇನ್ನು ಬರಬೇಡ ಎಂದಿದ್ದಾರೆ. ತಂಡವನ್ನು ಬೇರೆ ಬೇರೆ ಕಡೆ ಹಂಚಿದ್ದಾರೆ, ಬೀದಿಗೆ ಹಾಕಿಲ್ಲ. ನಾನು ಹೆದರಿದಷ್ಟು ಆಗಲಿಲ್ಲ. ಅದನ್ನು ನೆನೆದರೆ ಇನ್ನೂ ಸಿಟ್ಟು ಬರುತ್ತದೆ. ಇಷ್ಟಕ್ಕೇ ಹೆದರಿದೆನೇ ಎಂದು.

ಕೊನೆಯ ದಿನ, ಮೇಜು ಖಾಲಿ ಮಾಡುವ ಮೊದಲು ಒಂದು ಕೆಲಸ ಮುಗಿಸಿದೆ. ಕೈಪಿಡಿಯಲ್ಲಿ ಮಾತ್ರ ಇದ್ದರೆ ಇನ್ನೊಬ್ಬರು ಅಳಿಸುತ್ತಾರೆ. ಅದಕ್ಕೇ ಜಾಡಿನ ಒಳಗೇ ಹಾಕಿದೆ. ಈಗ ಅದು ಕೊಡುವ ಪ್ರತಿ ಉತ್ತರದ ಜೊತೆಗೂ, ತಾನು ಎಲ್ಲೆಲ್ಲಿ ನೋಡಿಲ್ಲ ಎಂಬುದನ್ನೂ ಹೇಳುತ್ತದೆ. ಅದನ್ನು ತೆಗೆದರೆ ಜಾಡು ಓಡುವುದೇ ಇಲ್ಲ. ಸಾಲು ನಿನ್ನದೇ. ಒಂದು ಪದವನ್ನೂ ಮುಟ್ಟಿಲ್ಲ.

ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಅಂಗಡಿಗೆ ಹೋಗುವ ಮೊದಲು ನನಗೆ ಒಂದು ಮಾತು ಹೇಳಿದ್ದರೆ ನಾನೂ ಬರುತ್ತಿದ್ದೆನೋ ಏನೋ. ಬರುತ್ತಿರಲಿಲ್ಲ, ಇರಲಿ. ಹೇಳಬೇಕಿತ್ತು.

ತಂಗಿ

*

ಜುಲೈ ೨

ತಂಗೀ,

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು, ಹರಿಯುವುದು, ಇದೇ ಆಗಿದೆ. ಒಂದು ವಿಪರೀತ ಮೆತ್ತಗಿತ್ತು. ಒಂದರಲ್ಲಿ ನಿನಗೆ ಶಹಬ್ಬಾಸ್ ಹೇಳಿದ್ದೆ. ಮಾಡಿದ್ದನ್ನು ಮಾಡಿದೆ ಅಂದದ್ದಕ್ಕೆ ಶಹಬ್ಬಾಸ್ ಯಾಕೆ ಎಂದು ಹರಿದೆ. ಇದು ಹೇಗಿದೆಯೋ ಹಾಗೆ ಕಳಿಸುತ್ತೇನೆ.

ನಗುಮುಖನನ್ನು ತೆಗೆದಿಲ್ಲ. ಬೇರೆ ಊರಿನ ಆಫೀಸಿಗೆ, ಇನ್ನೂ ದೊಡ್ಡ ಕೋಣೆಗೆ ಕಳಿಸಿದ್ದಾರೆ. ಹೋಗುವ ದಿನ ನನ್ನ ಮೇಜಿನ ಬಳಿ ಬಂದು, “ಎಲ್ಲ ಒಳ್ಳೇದಕ್ಕೇ ಆಯ್ತು ಮೇಡಂ” ಎಂದ. “ಯಾರಿಗೆ?” ಎಂದೆ. ಅವನು ನಗುತ್ತಾ ಕೈ ಬೀಸಿ ಹೋದ. ಮರುದಿನ ನಾನು ರಾಜೀನಾಮೆ ಕೊಟ್ಟೆ. ನಿನಗಾಗಿ ಎಂದುಕೊಳ್ಳಬೇಡ. ಅಲ್ಲಿ ಕೂತು ಮತ್ತೆ ಬರೆಯಲು ಕೈ ಬರಲಿಲ್ಲ.

ಈಗ ಕೆಲಸದ ವಿಷಯ. ದರ್ಜಿಯ ಹೆಂಡತಿ ಮೊನ್ನೆ ಫೋನ್ ಮಾಡಿದ್ದರು. ಜಾಡಿನ ಹಳೆಯ ಆವೃತ್ತಿ ಇನ್ನೂ ಎಷ್ಟೋ ಕಡೆ ಓಡುತ್ತಿದೆ ಎಂದು ಅವರಿಗೆ ಹೇಗೋ ತಿಳಿದಿದೆ. ಅಗ್ನಿಶಾಮಕದವರಲ್ಲಿ, ರಕ್ತನಿಧಿಯಲ್ಲಿ, ಇನ್ನೂ ಎಲ್ಲೆಲ್ಲೋ. ಎಲ್ಲ ಕಡೆಗೂ ದೂರು ಕೊಡುತ್ತಾರಂತೆ. ಏನು ಅಪಾಯ, ಎಲ್ಲಿ ಹುಡುಕಬೇಕು, ಓದಿದವರಿಗೆ ತಲೆಗೆ ಹೋಗುವಂತೆ ಬರೆದುಕೊಡಬೇಕು. ಬರೆದ ಮೇಲೆ ಒಂದೊಂದು ಕಚೇರಿಗೂ ನಡೆದು ಹೋಗಿ ಕೊಡಬೇಕು. ಅಂಚೆಗೆ ಹಾಕುವಂತಿಲ್ಲ, ಅದನ್ನು ಅವರು ಒತ್ತಿ ಹೇಳಿದರು.

“ನಿಮ್ಮ ತಂಗೀನೂ ಕರ್ಕೊಂಡು ಬನ್ನಿ” ಅಂದರು. “ಮಾಡಿದೋರಿಗೇ ಅಲ್ವಾ ಒಳಗಿಂದು ಗೊತ್ತಿರೋದು. ಟೀ ಗೀ ಏನೂ ಕೊಡಲ್ಲ ನಾನು. ಬಂದು ಕೆಲಸ ಮಾಡಿ.”

ಶನಿವಾರ ಬರುತ್ತೇವೆ ಎಂದು ಹೇಳಿಬಿಟ್ಟಿದ್ದೇನೆ. ನಿನ್ನನ್ನು ಕೇಳಲಿಲ್ಲ. ಅದಕ್ಕೂ ಸೇರಿಸಿ ಬಂದು ಜಗಳ ಆಡು. ಕಾಗದದ ಮೇಲೆ ನಿನ್ನನ್ನು ಬೈದು ಬೈದು ಸಾಕಾಗಿದೆ, ನಡುವೆ ಬಾಯಿ ಹಾಕುವವರೇ ಇಲ್ಲ.

ಹಿಂದಿನ ಕೋಣೆಯಲ್ಲಿ ನಿನ್ನ ಭಾವ ಇಸ್ತ್ರಿ ಮೇಜು ಹಾಕಿಕೊಂಡು ಸಂಸಾರ ಹೂಡಿದ್ದಾರೆ. ತೆಗೆಸಿ, ಮಂಚದ ಮೇಲಿನ ಬಟ್ಟೆಯ ಗುಡ್ಡೆಯನ್ನೂ ಎತ್ತಿಸುತ್ತೇನೆ. ಶುಕ್ರವಾರ ಸಂಜೆಯ ಬಸ್ಸಿಗೆ ಬಾ.

ಅಕ್ಕ